ಜುಂಜಪ್ಪನ ಗಣೆ: ಬಿದಿರಿನಲ್ಲಿ ದೈವದ ದನಿ

ಚೀನಾದವರಿಗೆ ಜೇಡ್ ಕಲ್ಲು ಚಿನ್ನದಷ್ಟೇ ಪ್ರಿಯ. ಚಿಂಗ್ ಅರಸರ ಕಾಲದ (1644–1911) ಶಿಲ್ಪಿಗಳು ಈ ಕಲ್ಲಿನಲ್ಲಿ ಮಾಡಿದ ಕುಂಚದಾನಿಗಳ ಮೇಲೆ ಬಿದಿರ ಮೆಳೆಗಳನ್ನು ಕೊರೆದರು. ಬಿದಿರಿನ ಗೆಣ್ಣಿಗೆ ಚೀನೀ ಭಾಷೆಯಲ್ಲಿರುವ ‘ಜಿಯೆ’ ಎಂಬ ಪದಕ್ಕೆ ಶೀಲ, ನಿಷ್ಠೆ ಎಂಬ ಅರ್ಥಗಳೂ ಉಂಟು. ಒಳಗಿನ ಟೊಳ್ಳು ಅಹಂಕಾರವಿಲ್ಲದ ಮನಸ್ಸಿನ ಸಂಕೇತ. ಗಾಳಿಗೆ ಬಾಗಿದರೂ ಮುರಿಯದ, ಚಳಿಗಾಲದಲ್ಲೂ ಹಸಿರಾಗಿರುವ ಬಿದಿರು ಅವರ ಕಣ್ಣಿಗೆ ಸಜ್ಜನನ ಪ್ರತಿರೂಪ.

ಕನ್ನಡಿಗರ ಬದುಕಿನಲ್ಲೂ ಬಿದಿರು ತೊಟ್ಟಿಲಾಗಿ, ಬಾಗಿನದ ಮೊರವಾಗಿ, ಕೊನೆಗೆ ಚಟ್ಟವಾಗಿ ಹುಟ್ಟಿನಿಂದ ಸಾವಿನವರೆಗೂ ಜೊತೆಗಿರುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಕಾಡುಗೊಲ್ಲರು ಅದಕ್ಕೆ ಇನ್ನೂ ಎತ್ತರದ ಸ್ಥಾನ ಕೊಟ್ಟಿದ್ದಾರೆ. ಅವರ ಬಿದಿರ ವಾದ್ಯದ ಹೆಸರು ಗಣೆ.

ಗಣೆ ಮಾಮೂಲಿ ಕೊಳಲಿಗಿಂತ ಬಹಳ ಉದ್ದ, ದನಿಯೂ ಗಂಭೀರ. ಕಾಡುಗೊಲ್ಲರ ಆರಾಧ್ಯ ದೈವ ಜುಂಜಪ್ಪ. ದನಕಾಯುತ್ತ ಕಾವಲುಗಳಲ್ಲಿ ಅಲೆದ, ಸೋದರಮಾವಂದಿರ ಹಗೆತನವನ್ನು ಎದುರಿಸಿದ ಈ ವೀರನ ಕಥೆಯನ್ನು ಹಾಡುವಾಗ ಗಾಯಕರು ನಡುನಡುವೆ ಗಣೆ ಊದುತ್ತಾರೆ. ಮಾತು ನಿಂತಲ್ಲಿ ಬಿದಿರು ಕಥೆಯನ್ನು ಮುಂದುವರಿಸುತ್ತದೆ. ಜುಂಜಪ್ಪನ ಕೈಯಲ್ಲಿದ್ದ ವಾದ್ಯವೆಂಬ ನಂಬಿಕೆಯಿಂದ ಗಣೆಗೆ ಪೂಜೆಯೂ ಸಲ್ಲುತ್ತದೆ. ಚೀನಾದ ಶಿಲ್ಪಿ ಬಿದಿರಿನ ಟೊಳ್ಳಿನಲ್ಲಿ ವಿನಯವನ್ನು ಕಂಡರೆ, ಕಾಡುಗೊಲ್ಲರು ಅದೇ ಟೊಳ್ಳಿನಲ್ಲಿ ತಮ್ಮ ದೈವದ ದನಿಯನ್ನು ಕೇಳುತ್ತಾರೆ.

ಗಣೆ ಹುಟ್ಟಿದ್ದು ಪಶುಪಾಲನೆಯ ಬದುಕಿನಲ್ಲಿ. ಹಟ್ಟಿಗಳಲ್ಲಿ ದೇವರ ಎತ್ತುಗಳನ್ನು ಸಾಕುವ ಪದ್ಧತಿಯಿದೆ. ಅವುಗಳನ್ನು ಮೇಯಿಸುವವನು ಕಿಲಾರಿ. ದನಗಳಿಗೆ ಬಯಲಿದ್ದರೆ ಮಾತ್ರ ಈ ಬದುಕು ನಡೆದೀತು. ಆದರೆ ಹುಲ್ಲುಗಾವಲುಗಳು ಕಿರಿದಾಗುತ್ತಿವೆ. ಹಿರಿಯೂರಿನ ನೆರೆಯ ಚಳ್ಳಕೆರೆ ತಾಲ್ಲೂಕಿನಲ್ಲಿ 2007ರಿಂದೀಚೆಗೆ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾಯಿತು. ಮಂದೆ ಕರಗಿದಂತೆ ಮಂದೆಯ ಹಿಂದೆ ಹೋಗುತ್ತಲೇ ಹಾಡು ಕಲಿಯುತ್ತಿದ್ದ ಹುಡುಗರೂ ಕಡಿಮೆಯಾದರು. ಗಣೆ ಊದಬಲ್ಲವರು ಈಗ ವಿರಳ.

ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜುಂಜಪ್ಪನ ಕಾವ್ಯವನ್ನು ಪುಸ್ತಕವಾಗಿ ಹೊರತಂದಿರುವುದು ದೊಡ್ಡ ಕೆಲಸವೇ ಸರಿ. ಅದರಿಂದ ಹಾಡಿನ ಮಾತು ಉಳಿಯಿತು. ಮಾತಿನ ನಡುವೆ ಬರುವ ಗಣೆಯ ದನಿ ಮಾತ್ರ ಅಚ್ಚಿಗೆ ಸಿಕ್ಕುವಂಥದ್ದಲ್ಲ. ಜೇಡ್ ಕಲ್ಲಿನ ಬಿದಿರು ನೂರಾರು ವರ್ಷ ಗಾಜಿನ ಪೆಟ್ಟಿಗೆಯಲ್ಲಿ ಉಳಿಯಬಲ್ಲದು. ಹಟ್ಟಿಯ ಬಿದಿರು ಉಳಿಯಲು ಊದುವ ಉಸಿರೊಂದು ಬೇಕು.