ಚಾಸಿ ಬೆಂಡಾದರೆ ವಿಮೆಯಿಂದ ಹೊಸ ಬೈಕಿನ ಬೆಲೆ ಸಿಗುತ್ತದೆಯೇ?

ಅಪಘಾತದಲ್ಲಿ ಬೈಕಿನ ಚಾಸಿ ಬೆಂಡಾದರೆ ಅದು ‘ಟೋಟಲ್ ಲಾಸ್’, ಶೋರೂಮ್ ಬೆಲೆ ಪೂರ್ತಿ ಕೈಗೆ ಬರುತ್ತದೆ ಎಂದು ಹಲವರು ನಂಬಿದ್ದಾರೆ. ಇದು ತಪ್ಪು.

ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ನಿಮ್ಮ ಗಾಡಿಗೆ ಏನೂ ಸಿಗದು. ಫುಲ್ ಇನ್ಶೂರೆನ್ಸ್ ಇದ್ದರೆ ಪಾಲಿಸಿಯಲ್ಲಿರುವ ‘ಐಡಿವಿ’ ನೋಡಿ. ಅದು ಸವಕಳಿ ಕಳೆದು ಗಾಡಿಗೆ ಕಟ್ಟಿದ ಬೆಲೆ. 2ರಿಂದ 3 ವರ್ಷದ ಬೈಕಿಗೆ ಶೇ. 30, 4ರಿಂದ 5 ವರ್ಷದ್ದಕ್ಕೆ ಶೇ. 50 ಕಳೆಯುತ್ತಾರೆ. ರಿಪೇರಿ ಖರ್ಚು ಐಡಿವಿಯ ಶೇ. 75 ಮೀರಿದರೆ ಟೋಟಲ್ ಲಾಸ್. ಅಂದರೆ ಐಡಿವಿ 60,000 ರೂ. ಆಗಿದ್ದರೆ ಗಡಿ 45,000. ಸಿಗುವುದೂ ಐಡಿವಿಯೇ, ಇನ್‌ವಾಯ್ಸ್ ಬೆಲೆ ಬೇಕಿದ್ದರೆ ‘ರಿಟರ್ನ್ ಟು ಇನ್‌ವಾಯ್ಸ್’ ಎಂಬ ಹೆಚ್ಚುವರಿ ಕವರ್ ಮೊದಲೇ ತೆಗೆದುಕೊಂಡಿರಬೇಕು.

ಕಾಯಿಸಿ, ಬಡಿದು ನೇರ ಮಾಡಿಸುವುದನ್ನು ನಾವು ಒಪ್ಪುವುದಿಲ್ಲ. ಬೆಸುಗೆಯ ಬಳಿ ಲೋಹ ದುರ್ಬಲವಾಗಬಹುದು. ಚಾಸಿಯನ್ನೇ ಬದಲಿಸಿದರೆ ಅದರ ನಂಬರ್ ಆರ್‌ಸಿಯಲ್ಲೂ ಬದಲಾಗಬೇಕು.

ಬಹುತೇಕರು ಮರೆಯುವುದು ಆರ್‌ಸಿಯನ್ನೇ. ಜಖಂ ಆದ ಗಾಡಿ ಕೊಂಡವರು ರಿಪೇರಿ ಮಾಡಿ ಓಡಿಸಿ ಯಾರಿಗಾದರೂ ಗುದ್ದಿದರೆ? ಆರ್‌ಸಿಯಲ್ಲಿ ಹೆಸರಿರುವವರೇ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಮಾರಿದರೆ ಹೆಸರು ಬದಲಾವಣೆ, ಗುಜರಿಗೆ ಹಾಕಿದರೆ ನೋಂದಣಿ ರದ್ದತಿ. ಎರಡಕ್ಕೂ 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು: ಕೆಎ-02 ಗಾಡಿಗೆ ರಾಜಾಜಿನಗರ, ಕೆಎ-41ಕ್ಕೆ ಕೆಂಗೇರಿ ಕಡೆಯ ಕಚೇರಿ.