ಮಹಾಕೂಟದ ಕಾಲುದಾರಿ

ಬಾದಾಮಿಯ ಮೂರನೆಯ ಗುಹೆಯನ್ನು ಕ್ರಿ.ಶ. 578ರಲ್ಲಿ ಕಡೆಯಿಸಿದ ಮಂಗಲೇಶ, ಅದರ ಪುಣ್ಯವೆಲ್ಲ ಅಣ್ಣ ಕೀರ್ತಿವರ್ಮನಿಗೇ ಸೇರಲೆಂದು ಬರೆಸಿದ. ಅಣ್ಣ ತೀರಿಕೊಂಡ ಮೇಲೆ ಪಟ್ಟವೇರಿದ ಅದೇ ತಮ್ಮ, ಅಣ್ಣನ ಮಗನನ್ನು ಬದಿಗೊತ್ತಿ ತನ್ನ ಮಗನಿಗೆ ರಾಜ್ಯ ಕೊಡಹೊರಟು ಪ್ರಾಣ ಕಳೆದುಕೊಂಡ. ಆ ಅಣ್ಣನ ಮಗನೇ ಇಮ್ಮಡಿ ಪುಲಿಕೇಶಿ. ಆಸ್ತಿಯ ಜಗಳ ಕಂಡ ನಮಗೆ ಇದೇನು ಹೊಸದಲ್ಲ ಬಿಡಿ. ಆದರೆ ಇದನ್ನು ಹೇಳುವುದು 634ರ ಐಹೊಳೆ ಶಾಸನ. ಗೆದ್ದವನ ಕಡೆಯವರ ಮಾತು.

ನಾವು ಪಾಠ ಹೇಳುವಾಗ ಇವರೆಲ್ಲ ಬರುತ್ತಾರೆ. ದುರ್ಲಭದೇವಿ ಮಾತ್ರ ಹೆಸರಿಗೆ ತಕ್ಕಂತೆ ದುರ್ಲಭ. ಮೊದಲ ಪುಲಿಕೇಶಿಯ ರಾಣಿ ಆಕೆ. ಮಹಾಕೂಟದ ಮಕುಟೇಶ್ವರನಿಗೆ ಹತ್ತು ಊರುಗಳು ಸಂದ ದತ್ತಿಯ ಕಂಬಶಾಸನದಲ್ಲಿ ಆಕೆಯ ಹೆಸರಿದೆ. ಕಂಬ ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ಬಾದಾಮಿಯಿಂದ ಕೆಂಪು ಬಂಡೆಗಳ ನಡುವಿನ ಕಾಲುದಾರಿ ಹಿಡಿದು ನಡೆದು, ಕೊಳದ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದಾಗ, ಜೊತೆಗಿದ್ದ ಹುಡುಗಿಯರಿಂದ ಆ ಹೆಸರನ್ನು ಎರಡು ಸಲ ಹೇಳಿಸಿದೆ.