ಪಿನ್ನುಗಳ ಆಡಳಿತ: ಲಿನಕ್ಸ್ ಕರ್ನಲಿನ ಒಂದು ಉಪವ್ಯವಸ್ಥೆ ಬೆಳೆದ ಬಗೆ

ಇಂದಿನ ಚಿಪ್ಪಿನೊಳಗೆ ಅಡಕವಾಗಿರುವ ಕಾರ್ಯಘಟಕಗಳು ಅನೇಕವಾಗಿದ್ದು, ಅವು ಹೊರಗಿನೊಡನೆ ವ್ಯವಹರಿಸಲು ಇರುವ ಪಿನ್ನುಗಳು ಮಿತವಾದುದರಿಂದ, ಒಂದೇ ಪಿನ್ನು ಸಂದರ್ಭಾನುಸಾರವಾಗಿ ಹಲವು ವೃತ್ತಿಗಳನ್ನು ಕೈಗೊಳ್ಳಬೇಕಾಗುತ್ತದೆ. ಮೊದಲ ರಾಸ್‌ಬೆರಿ ಪೈಯಲ್ಲಿದ್ದ ಬಿಸಿಎಂ 2835 ಚಿಪ್ಪಿನ 54 ಜಿಪಿಐಒ ಪಿನ್ನುಗಳಲ್ಲಿ ಪ್ರತಿಯೊಂದರ ವೃತ್ತಿಯನ್ನೂ 3 ಬಿಟ್ಟುಗಳು ನಿಶ್ಚಯಿಸುತ್ತವೆ: ಇನ್‌ಪುಟ್, ಔಟ್‌ಪುಟ್, ಅವೆರಡಲ್ಲದೆ 6 ಪರ್ಯಾಯ ಕಾರ್ಯಗಳು. ಅದೇ ಚಿಪ್ಪಿನಲ್ಲಿ ಪುಲ್-ಅಪ್, ಪುಲ್-ಡೌನ್‌ಗಳನ್ನು ಹೊಂದಿಸಲು ರಿಜಿಸ್ಟರಿಗೆ ಬರೆದು, 150 ಆವರ್ತಗಳಷ್ಟು ಕಾದು, ಮತ್ತೆ ಬರೆಯಬೇಕು; ಬರೆದುದನ್ನು ಮರಳಿ ಓದುವ ಉಪಾಯವಂತೂ ಇಲ್ಲ. ಬಿಸಿಎಂ 2711ರಲ್ಲಿ ಈ ಕೊರತೆ ನೀಗಿತು. ಹೀಗೆ ಒಂದೇ ಮನೆತನದ ಚಿಪ್ಪುಗಳಲ್ಲಿಯೇ ರೀತಿಭೇದವಿರುವಾಗ, ಬೇರೆ ಬೇರೆ ತಯಾರಕರವನ್ನೆಲ್ಲ ಒಂದೇ ಕರ್ನಲಿನಲ್ಲಿ ಅಳವಡಿಸುವುದು ಎಷ್ಟು ದುಷ್ಕರವೆಂಬುದನ್ನು ಊಹಿಸಬಹುದು.

2008ರಲ್ಲಿ ಡೇವಿಡ್ ಬ್ರೌನೆಲ್ಲರ ಜಿಪಿಐಒಲಿಬ್ ಕರ್ನಲನ್ನು ಸೇರಿದಾಗ ಪಿನ್ನನ್ನು ಏರಿಸುವ, ಇಳಿಸುವ, ಓದುವ ಕ್ರಿಯೆಗಳಿಗೆ ಸಮಾನರೂಪ ದೊರೆಯಿತು. ಆದರೆ ಪಿನ್ನು ಯಾರ ಅಧೀನವೆಂಬ ಪ್ರಶ್ನೆ ಹಾಗೆಯೇ ಉಳಿಯಿತು. ಓಮ್ಯಾಪ್, ಐ.ಎಂಎಕ್ಸ್, ಪಿಎಕ್ಸ್‌ಎ, ಟೆಗ್ರಾ ಮೊದಲಾದ ಚಿಪ್ಪು ಮನೆತನಗಳು ಕರ್ನಲಿನ ಆರ್ಮ್ ವಿಭಾಗದೊಳಗೆ ತಂತಮ್ಮ ಪ್ರತ್ಯೇಕ ಸಂಹಿತೆಗಳನ್ನು ಇಟ್ಟುಕೊಂಡಿದ್ದವು. 2011ರ ಮಾರ್ಚಿನಲ್ಲಿ ಲೈನಸ್ ಟೊರ್ವಾಲ್ಡ್ಸ್ ಆರ್ಮ್ ವಿಭಾಗದ ಈ ಬಗೆಯ ಅವ್ಯವಸ್ಥೆಯನ್ನು ಬಹಿರಂಗವಾಗಿಯೇ, ಅದೂ ಕಟುವಾಗಿ, ಖಂಡಿಸಿದರು. ಅದೇ ವರ್ಷ ಲೈನಸ್ ವಾಲೈ ರೂಪಿಸಿದ ಪಿನ್‌ಕಂಟ್ರೋಲ್ ಉಪವ್ಯವಸ್ಥೆ, 2012ರ ಜನವರಿಯಲ್ಲಿ ಹೊರಬಂದ 3.2ನೆಯ ಆವೃತ್ತಿಯಲ್ಲಿ ಸ್ಥಾನ ಪಡೆಯಿತು.

ಇದರ ಹೆಚ್ಚುಗಾರಿಕೆಯೆಲ್ಲ, ನನ್ನ ಮತದಲ್ಲಿ, ಅದು ತಿಳಿಯಲೊಲ್ಲದ ಸಂಗತಿಗಳಲ್ಲಿದೆ. ಯಾವ ರಿಜಿಸ್ಟರಿನಲ್ಲಿ ಯಾವ ಬಿಟ್ಟು ಎಂಬುದು ಕೇಂದ್ರಭಾಗಕ್ಕೆ ಬೇಡ. ಪಿನ್ನುಗಳ ಹೆಸರು, ಅವುಗಳ ಗುಂಪು, ಗುಂಪು ವಹಿಸಬಲ್ಲ ಕಾರ್ಯ, ಇಷ್ಟನ್ನು ಡ್ರೈವರ್ ನಿವೇದಿಸಿದರೆ ಸಾಕು. ಕರ್ನಲಿನ ದಸ್ತಾವೇಜಿನಲ್ಲಿ ಚದುರಂಗದ ಹಾಸಿನಂತೆ 64 ಪಿನ್ನುಗಳುಳ್ಳ ಒಂದು ಕಲ್ಪಿತ ಚಿಪ್ಪಿದೆ; ಅದರ ಎ5 ಪಿನ್ನು ಎಸ್‌ಪಿಐಗೂ ಬೇಕು, ಐ2ಸಿಗೂ ಬೇಕು. ಒಂದು ಡ್ರೈವರ್ ಅದನ್ನು ಪಡೆದಿರುವಾಗ ಇನ್ನೊಂದು ಕೇಳಿದರೆ ಕೇಂದ್ರವು ನಿರಾಕರಿಸುತ್ತದೆ. ಎಸ್‌ಪಿಐಯನ್ನು ಜಿ4ರಿಂದ ಜಿ1ರವರೆಗಿನ ಪಿನ್ನುಗಳಿಗೆ ಒಯ್ದರೆ ಎರಡೂ ನಿರ್ವಿಘ್ನವಾಗಿ ನಡೆಯುತ್ತವೆ. ಯಾವ ಬೋರ್ಡಿನಲ್ಲಿ ಯಾವ ಹಂಚಿಕೆ ಎಂಬ ನಿರ್ಣಯ ಮಾತ್ರ ಡ್ರೈವರಿನ ಹೊರಗಿನ ಕೋಷ್ಟಕದಲ್ಲಿರುತ್ತದೆ.

ಆ ಕೋಷ್ಟಕವು ಕ್ರಮೇಣ, ಬೋರ್ಡಿನ ಯಂತ್ರಾಂಶವನ್ನು ವಿವರಿಸುವ ಡಿವೈಸ್ ಟ್ರೀಗೆ ಸ್ಥಳಾಂತರಗೊಂಡಿತು. ಇಲ್ಲಿ ಎರಡು ಪಂಥಗಳು ಕಾಣಿಸಿಕೊಂಡವು. ಟೋನಿ ಲಿಂಡ್‌ಗ್ರೆನ್ನರ ಪಿನ್‌ಕಂಟ್ರೋಲ್-ಸಿಂಗಲ್, ಪಿನ್ನಿಗೊಂದು ರಿಜಿಸ್ಟರಿರುವ ಚಿಪ್ಪುಗಳಲ್ಲಿ ಅದರ ಬೆಲೆಯನ್ನೇ ನೇರವಾಗಿ ಟ್ರೀಯಲ್ಲಿ ಬರೆಯಿಸಿತು. ಬೀಗಲ್‌ಬೋನಿನ ಎಎಂ335ಎಕ್ಸ್ ಈ ಹಾದಿಯದು. ಡ್ರೈವರ್ ಪುಟ್ಟದಾಯಿತು, ನಿಜ. ಆದರೆ ಓದುಗನು ಚಿಪ್ಪಿನ ಕೈಪಿಡಿಯನ್ನು ತೆರೆಯದೆ ಆ ಅಂಕಿಗಳ ಅರ್ಥವನ್ನು ಗ್ರಹಿಸಲಾರ. ಮತ್ತೊಂದು ಪಂಥ ಬಯಾಸ್-ಪುಲ್-ಅಪ್, ಡ್ರೈವ್-ಸ್ಟ್ರೆಂಗ್ತ್ ಮುಂತಾದ ಸಾಮಾನ್ಯ ಗುಣನಾಮಗಳನ್ನು ನೆಚ್ಚಿತು. ಡ್ರೈವರಿನೊಳಗೆ ದೀರ್ಘ ಕೋಷ್ಟಕಗಳು ಬೆಳೆದರೂ ಎರಡನೆಯದೇ ಮೇಲೆಂದು ನಾನು ಎಣಿಸುತ್ತೇನೆ. ಬೋರ್ಡನ್ನು ಬರೆದವನೊಬ್ಬ, ಅದನ್ನು ಓದಿ ದುರಸ್ತಿ ಮಾಡುವವರು ನೂರಾರು ಜನ.

2013ರ 3.9ನೆಯ ಆವೃತ್ತಿಯಿಂದ, ಡ್ರೈವರಿನ ಪ್ರೋಬ್ ನಡೆಯುವುದಕ್ಕೆ ಮುನ್ನವೇ ಡಿವೈಸ್ ಕೋರ್ ತಾನಾಗಿ ಪಿನ್ನುಗಳನ್ನು ಡಿಫಾಲ್ಟ್ ಸ್ಥಿತಿಗೆ ತರತೊಡಗಿ, ಅಸಂಖ್ಯಾತ ಡ್ರೈವರುಗಳಲ್ಲಿ ಪುನರುಕ್ತವಾಗಿದ್ದ ಸಾಲುಗಳು ಅನಾವಶ್ಯಕವಾದವು. ಯಂತ್ರಾಂಶವನ್ನು ವಿವರಿಸುವ ಮತ್ತೊಂದು ವಿಧಾನವಾದ ಎಸಿಪಿಐಯ 2017ರ 6.2 ನಿರ್ದೇಶಾವಳಿಯಲ್ಲಿಯೂ ಪಿನ್ನಿನ ಕಾರ್ಯ, ಗುಂಪು, ವಿನ್ಯಾಸಗಳಿಗೆ ವಿವರಣೆಗಳು ಸೇರಿದವು. ಹೊಸದಾಗಿ ಡ್ರೈವರ್ ಬರೆಯಹೊರಟವರು ಹಳೆಯದೊಂದನ್ನು ನಕಲಿಸುವ ಮೊದಲು ಆ 64 ಪಿನ್ನುಗಳ ದಸ್ತಾವೇಜನ್ನು ಒಮ್ಮೆ ಸಾವಧಾನವಾಗಿ ಓದಬೇಕೆಂದು ಕೋರುತ್ತೇನೆ.